ಮೂವತ್ತೊಂದನೆಯ ಪ್ರಶ್ನೆ

ಆ ಫಾರಂ ನನ್ನ ಕೈಗೆ ಬಂದದ್ದು ಒಂದು ಮಂಗಳವಾರ, ಮಧ್ಯಾಹ್ನದ ಊಟಕ್ಕೆ ಇನ್ನು ಹತ್ತು ನಿಮಿಷ ಇದೆ ಎನ್ನುವಾಗ. ಆಗಲೇ ಎದ್ದು ಹೋಗಿದ್ದರೆ ಅದು ಎದುರು ಮೇಜಿನ ಅಕ್ಕನ ಪಾಲಿಗೆ ಹೋಗುತ್ತಿತ್ತೋ ಏನೋ. ಆದರೆ ಕಟ್ಟಿನಲ್ಲಿ ಮೂರೇ ಫಾರಂ ಉಳಿದಿದ್ದವು. ಅರ್ಧಕ್ಕೆ ಬಿಟ್ಟ ಕೆಲಸ ಇದ್ದರೆ ನನಗೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ.

ನಮ್ಮದು ಕಾಲೇಜಿನ ಶಿಕ್ಷಣ ವಿಭಾಗದ ಹಿಂದಿನ ಕೋಣೆ. ಎರಡು ಮೇಜು, ಎರಡು ಕಂಪ್ಯೂಟರ್, ಗೋಡೆಯುದ್ದಕ್ಕೂ ಕಬ್ಬಿಣದ ಕಪಾಟು. ಆ ವರ್ಷ ವಿಭಾಗದ ಮುಖ್ಯಸ್ಥೆ, ನಾವೆಲ್ಲ ಬರೀ ಮೇಡಂ ಎನ್ನುವವರು, ಒಂದು ಅಧ್ಯಯನ ಕೈಗೆತ್ತಿಕೊಂಡಿದ್ದರು. ಕಷ್ಟದ ಲೆಕ್ಕ ಎದುರಾದಾಗ ಮಕ್ಕಳು ಮನಸ್ಸಿನಲ್ಲಿ ಏನಂದುಕೊಳ್ಳುತ್ತಾರೆ, ಹಾಗೆ ಅಂದುಕೊಳ್ಳುವುದಕ್ಕೂ ಅವರಿಗೆ ಬೀಳುವ ಅಂಕಕ್ಕೂ ಏನು ಸಂಬಂಧ ಎಂಬುದು ವಿಷಯ. ಏಳು ಶಾಲೆಗಳ ಹತ್ತನೆಯ ತರಗತಿಯ ಮಕ್ಕಳು ಫಾರಂ ತುಂಬಿದ್ದರು. ಮೂವತ್ತು ವಾಕ್ಯಗಳು; ಪ್ರತಿ ವಾಕ್ಯದ ಮುಂದೆ ‘ಖಂಡಿತ ಹೌದು’ ಎನ್ನುವುದರಿಂದ ‘ಖಂಡಿತ ಇಲ್ಲ’ ಎನ್ನುವವರೆಗೆ ಐದು ಚೌಕ. ‘ದಾರಿ ತಕ್ಷಣ ಹೊಳೆಯದಿದ್ದರೆ ನಾನು ಲೆಕ್ಕವನ್ನು ಬಿಟ್ಟುಬಿಡುತ್ತೇನೆ.’ ‘ನನ್ನ ಉತ್ತರ ಸರಿಯೇ ಎಂದು ನಾನೇ ಪರೀಕ್ಷಿಸಬಲ್ಲೆ.’ ಇಂಥವು. ಮೂವತ್ತೊಂದನೆಯದು ಮಾತ್ರ ಪ್ರಶ್ನೆ, ಅದಕ್ಕೆ ಚೌಕವಿರಲಿಲ್ಲ, ಎರಡು ಗೆರೆ ಇದ್ದವು: ‘ಕಷ್ಟದ ಲೆಕ್ಕ ಎದುರಾದಾಗ ನೀವು ಮೊದಲು ಏನು ಮಾಡುತ್ತೀರಿ?’

ಫಾರಂ ಮೇಲೆ ಹೆಸರಿಲ್ಲ, ಒಂದು ನಂಬರ್ ಅಷ್ಟೇ. ಯಾವ ನಂಬರ್ ಯಾರದು ಎಂಬ ಪಟ್ಟಿ ಮೇಡಂ ಬೀರುವಿನಲ್ಲಿ. ಅಕ್ಕ ಮತ್ತು ನಾನು ಒಂದೊಂದು ಚೌಕಕ್ಕೆ ಒಂದೊಂದು ಅಂಕಿ ಒತ್ತುತ್ತ ಹೋಗಬೇಕು, ಕೊನೆಯ ಉತ್ತರವನ್ನು ಇದ್ದ ಹಾಗೇ ಟೈಪ್ ಮಾಡಬೇಕು. ಮೊತ್ತವನ್ನು ಕಂಪ್ಯೂಟರೇ ಹಾಕಿಕೊಳ್ಳುತ್ತದೆ. ಗೋಡೆಗೆ ಅಂಟಿಸಿದ ಸೂಚನೆಗಳಲ್ಲಿ ನಾಲ್ಕನೆಯದು ಹೀಗಿತ್ತು: ನಿಮ್ಮ ಮನೆಯವರ ಫಾರಂ ಎಂದು ಅನುಮಾನ ಬಂದರೂ ಅದನ್ನು ಇನ್ನೊಬ್ಬರಿಗೆ ಕೊಡಿ.

ಇನ್ನೊಬ್ಬರು ಎಂದರೆ ಅಕ್ಕ. ಅಕ್ಕನಿಗೆ ಮೂವತ್ತೊಂದನೆಯ ಉತ್ತರಗಳನ್ನು ಗಟ್ಟಿಯಾಗಿ ಓದುವ ಚಟ.

“ಇದು ಕೇಳು, ಇದು ಕೇಳು. ‘ಮೊದಲು ನೀರು ಕುಡಿಯುತ್ತೇನೆ.’ ಜಾಣ ಕಣೇ. ಇನ್ನೊಂದು ನೋಡು, ‘ಪಕ್ಕದವನ ಕಡೆ ನೋಡುತ್ತೇನೆ. ಅವನು ನನ್ನ ಕಡೆ ನೋಡುತ್ತಿರುತ್ತಾನೆ.’ ಅಯ್ಯೋ, ಇಬ್ಬರಿಗೂ ಸೊನ್ನೆ!” ಎಂದು ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಬೇರೆಯವರ ಮಕ್ಕಳಲ್ಲವೇ.

ಆ ಮಂಗಳವಾರದ ಫಾರಂ ನೇರಳೆ ಶಾಯಿಯದು. ನಂಬರ್ ಇನ್ನೂರ ಅರವತ್ತೆಂಟು. ಟಿಕ್ ಗುರುತಿನ ಬಾಲ ಚೌಕದಿಂದ ಹೊರಗೆ, ಮುಂದಿನ ವಾಕ್ಯದವರೆಗೂ ಹರಿದಿತ್ತು. ಹಾಲಿನವನ ಚೀಟಿಯ ಮೇಲೆ, ಕ್ಯಾಲೆಂಡರಿನ ಮೇಲೆ, ಫ್ರಿಜ್ಜಿನ ಬಾಗಿಲ ಮೇಲಿನ ಪಟ್ಟಿಯಲ್ಲಿ ನಾನು ದಿನವೂ ನೋಡುವ ಬಾಲ ಅದು, ನನ್ನ ಮಗಳದು. ಹಾಳೆ ತಿರುಗಿಸಿದೆ. ಎರಡು ಗೆರೆಯಲ್ಲಿ ಒಂದೇ ಗೆರೆ ತುಂಬಿತ್ತು.

‘ಅಮ್ಮನ ಮುಖ ನೋಡುತ್ತೇನೆ. ಅಮ್ಮ ಇಲ್ಲದಿದ್ದರೆ ಬಿಟ್ಟುಬಿಡುತ್ತೇನೆ.’

ನನಗೆ ಮೊದಲು ಬಂದದ್ದು ದುಃಖವಲ್ಲ ಎಂಬುದನ್ನು ಇಲ್ಲಿ ಬರೆದಿಡಬೇಕು. ಮೊದಲು ಬಂದದ್ದು ಅಕ್ಕ ಈಗ ಎಲ್ಲಿದ್ದಾರೆ ಎಂಬ ಯೋಚನೆ. ಅವರು ಕಿಟಕಿಯ ಹತ್ತಿರ ಡಬ್ಬಿಯ ಮುಚ್ಚಳದ ಜೊತೆ ಗುದ್ದಾಡುತ್ತಿದ್ದರು. ಫಾರಂ ಅವರಿಗೆ ಕೊಟ್ಟರೆ ಏನಾಗುತ್ತದೆಂದು ಗೊತ್ತಿತ್ತು. “ಇದು ಕೇಳು, ‘ಅಮ್ಮನ ಮುಖ ನೋಡುತ್ತೇನೆ’! ಎಂಥ ಅಮ್ಮ ಇರಬೇಕು ಕಣೇ ಅವಳು!” ನಾನು ಯಾಕೆ ಈ ಒಂದನ್ನು ಕೊಟ್ಟೆ ಎಂದು ಅವರು ಆಮೇಲೆ ಯೋಚಿಸುತ್ತಾರೆ. ಯೋಚಿಸಿದರೆ ತಿಳಿಯುತ್ತದೆ.

ನಾನು ಅಂಕಿ ಒತ್ತತೊಡಗಿದೆ. ಲೆಕ್ಕ ಬಿಟ್ಟುಬಿಡುತ್ತೇನೆ ಎನ್ನುವ ಏಳನೆಯ ವಾಕ್ಯಕ್ಕೆ ಅವಳು ‘ಖಂಡಿತ ಹೌದು’ ಎಂದಿದ್ದಳು, ನಾನು ‘ಇಲ್ಲ’ ಎಂದು ಒತ್ತಿದೆ. ಹನ್ನೆರಡನೆಯದನ್ನು ತಿರುಗಿಸಿದೆ, ಹತ್ತೊಂಬತ್ತನ್ನು ತಿರುಗಿಸಿದೆ. ಎಲ್ಲವನ್ನೂ ಒಳ್ಳೆಯದೇ ಮಾಡಿದರೆ ಕಣ್ಣಿಗೆ ಬೀಳುತ್ತದೆಂದು ನಡುನಡುವೆ ಒಂದೆರಡನ್ನು ಹಾಗೇ ಬಿಟ್ಟೆ. ಅಷ್ಟು ಬುದ್ಧಿ ಓಡಿತು. ಮೂವತ್ತೊಂದಕ್ಕೆ ‘ಇನ್ನೊಮ್ಮೆ ಓದುತ್ತೇನೆ’ ಎಂದು ಟೈಪ್ ಮಾಡಿದೆ. ಕಾಗದದ ಫಾರಂ ಕಟ್ಟಿನೊಳಗೆ ಹೋಯಿತು, ಕಟ್ಟಿಗೆ ದಾರ ಬಿಗಿದೆ.

“ಬಾರೇ, ಆರಿಹೋಗತ್ತೆ,” ಎಂದರು ಅಕ್ಕ. ಮುಚ್ಚಳ ತೆರೆದಿತ್ತು.

*

ಹಿಂದಿನ ತಿಂಗಳ ಪರೀಕ್ಷೆಯಲ್ಲಿ ಮಗಳಿಗೆ ಗಣಿತದಲ್ಲಿ ಐವತ್ತಕ್ಕೆ ಹತ್ತೊಂಬತ್ತು ಬಂದಿತ್ತು. ಮನೆಯಲ್ಲಿ ಅವಳು ಒಂದು ಲೆಕ್ಕವನ್ನೂ ತಪ್ಪು ಮಾಡುವವಳಲ್ಲ. ಇದೇ ನನ್ನ ತಲೆ ತಿನ್ನುತ್ತಿದ್ದದ್ದು. ಅದೇ ಪುಸ್ತಕ, ಅದೇ ಲೆಕ್ಕ, ನನ್ನ ಎದುರಿಗೆ ಕೂತು ಪಟಪಟ ಮಾಡುತ್ತಾಳೆ. ಪರೀಕ್ಷೆಯ ಹಾಲಿನಲ್ಲಿ ಖಾಲಿ ಹಾಳೆ ಬಿಟ್ಟು ಬರುತ್ತಾಳೆ. ನಾನು ಅವಳ ಶಾಲೆಯ ಟೀಚರನ್ನು ಅನುಮಾನಿಸಿದೆ, ಅವಳ ಕಣ್ಣನ್ನು ಅನುಮಾನಿಸಿ ಡಾಕ್ಟರಿಗೆ ತೋರಿಸಿದೆ.

ಅವಳಿಗೆ ನಕ್ಷೆಯ ಹುಚ್ಚು. ಬಸ್ಸಿನಲ್ಲಿ ಹೋಗುವಾಗ ತಿರುವುಗಳನ್ನು ಎಣಿಸಿಕೊಂಡು ಬಂದು ನಮ್ಮ ಬಡಾವಣೆಯನ್ನು ಕಾಗದದ ಮೇಲೆ ಇಳಿಸಿದ್ದಳು. ನಮ್ಮ ಬೀದಿಯ ದೀಪದ ಕಂಬಗಳು ಕೂಡ ಅದರಲ್ಲಿದ್ದವು. ಹತ್ತನೆಯದು ಮುಗಿದ ಮೇಲೆ ಭೂಮಾಪನದ ಡಿಪ್ಲೊಮಾ ಸೇರಬೇಕು, ಮೂರು ಕಾಲಿನ ಯಂತ್ರ ನಿಲ್ಲಿಸಿ ಒಂದು ಕಣ್ಣು ಮುಚ್ಚಿ ನೋಡಬೇಕು ಎಂಬುದು ಅವಳ ಆಸೆ. ಅದಕ್ಕೆ ಕೊನೆಯ ಪರೀಕ್ಷೆಯಲ್ಲಿ ಗಣಿತಕ್ಕೆ ನೂರಕ್ಕೆ ಐವತ್ತಾದರೂ ಬರಲೇಬೇಕು. ಪರೀಕ್ಷೆಗೆ ಇನ್ನು ನಾಲ್ಕು ತಿಂಗಳಿತ್ತು.

ಆ ಮಂಗಳವಾರ ಸಂಜೆ ಎಂದಿನಂತೆ ಊಟದ ಮೇಜಿನ ಮೇಲೆ ಪುಸ್ತಕ ಹರಡಿತು. ನಾನು ಎದುರಿಗೆ ಬಟಾಣಿ ಸುಲಿಯುತ್ತ ಕೂತೆ. ಒಂದು ನಲ್ಲಿ ತೊಟ್ಟಿಯನ್ನು ಆರು ಗಂಟೆಯಲ್ಲಿ ತುಂಬುತ್ತದೆ, ಕೆಳಗಿನ ಕೊಳವೆ ಒಂಬತ್ತು ಗಂಟೆಯಲ್ಲಿ ಖಾಲಿ ಮಾಡುತ್ತದೆ, ಎರಡನ್ನೂ ತೆರೆದಿಟ್ಟರೆ ತುಂಬಲು ಎಷ್ಟು ಹೊತ್ತು?

“ಆರು, ಒಂಬತ್ತು... ಕೂಡಿಸಿದ್ರೆ...” ಎಂದು ಕಣ್ಣೆತ್ತಿದಳು. “ಅಲ್ಲ ಅಲ್ಲ. ಒಂಬತ್ತರಲ್ಲಿ ಆರು ಕಳೆದ್ರೆ...” ಮತ್ತೆ ಕಣ್ಣೆತ್ತಿದಳು. “ಅದೂ ಅಲ್ಲ. ಒಂದು ಗಂಟೆಗೆ ಎಷ್ಟು ತುಂಬತ್ತೆ ಅಂತ... ಆರನೇ ಒಂದು?” ಕಣ್ಣೆತ್ತಿ ನನ್ನನ್ನು ನೋಡಿ, ಸರಸರನೆ ಬರೆದಳು. “ಹದಿನೆಂಟು ಗಂಟೆ! ಸರೀನಾ?”

ಅವಳು ಮತ್ತೆ ಕಣ್ಣೆತ್ತಿ ಸರೀನಾ ಎಂದು ಕೇಳುವಾಗಲೇ ಅವಳಿಗೆ ಉತ್ತರ ಗೊತ್ತಿತ್ತು. ನಾನು ಬಾಯಿ ತೆರೆದಿರಲಿಲ್ಲ. ಒಂದು ಲೆಕ್ಕ, ನಾಲ್ಕು ಸಲ ಕಣ್ಣು ಮೇಲೆ. ನಾನು ಇಷ್ಟು ವರ್ಷ ಅವಳ ಹಾಳೆಯನ್ನು ನೋಡುತ್ತಿದ್ದೆ, ಅವಳ ಕಣ್ಣನ್ನು ನೋಡಿರಲಿಲ್ಲ.

ಲಿಫ್ಟ್ ಮೆಕ್ಯಾನಿಕ್ ಆದ ನನ್ನ ಗಂಡ ಸಿಂಕಿನಲ್ಲಿ ಕೈಯ ಗ್ರೀಸ್ ತೊಳೆಯುತ್ತಿದ್ದರು. ಮಗಳು ಎದ್ದು ಹೋದ ಮೇಲೆ ಕೇಳಿದೆ, “ರೀ, ಅವಳು ಲೆಕ್ಕ ಮಾಡುವಾಗ ನಾನು ಏನಾದ್ರೂ ಮಾಡ್ತೀನಾ?”

“ಏನಾದ್ರೂ ಅಂದ್ರೆ?”

“ಮುಖದಲ್ಲಿ.”

ಅವರು ಜೋರಾಗಿ ನಕ್ಕರು. “ನಿನ್ನ ಹುಬ್ಬು ನಮ್ಮ ಲಿಫ್ಟ್ ಇದ್ದ ಹಾಗೆ ಮಾರಾಯ್ತಿ. ಅವಳು ತಪ್ಪು ದಾರಿ ಹಿಡಿದ್ಲೋ, ಒಂದು ಮಹಡಿ ಮೇಲೆ ಹೋಗತ್ತೆ. ಸರಿ ಬಂದ್ಲೋ, ನೆಲಮಹಡಿಗೆ ಬಂದು ಬಾಗಿಲು ತೆಗೀತದೆ. ನಿಂಗೆ ಗೊತ್ತಿಲ್ವಾ?”

“ನೀವು ಯಾವತ್ತೂ ಹೇಳಲೇ ಇಲ್ಲ!”

“ನೀನು ಬೇಕಂತಲೇ ಮಾಡ್ತೀಯ ಅಂದ್ಕೊಂಡಿದ್ದೆ. ಅವಳಿಗೂ ಅದು ಅಭ್ಯಾಸ. ಮೂರನೇ ಕ್ಲಾಸಿನಿಂದ ನಡೀತಿರೋ ಸರ್ವೀಸು.”

ನಾನು ಬಟಾಣಿಯ ಸಿಪ್ಪೆಯನ್ನು ಪಾತ್ರೆಗೂ ಕಾಳನ್ನು ಕಸದ ಡಬ್ಬಿಗೂ ಹಾಕಿದ್ದೆ. ಅದನ್ನು ಕಂಡು ಅವರು ನಗು ನಿಲ್ಲಿಸಿದರು. ಫಾರಂ ವಿಷಯ ನಾನು ಹೇಳಲಿಲ್ಲ.

ಆಮೇಲೆ ಕೆಲವು ದಿನ ಮುಖ ಗಟ್ಟಿಮಾಡಿಕೊಂಡು ಕೂತು ನೋಡಿದೆ. ಅದರಿಂದ ಇನ್ನೂ ಕೆಟ್ಟಿತು. “ಯಾಕಮ್ಮಾ, ಹಲ್ಲುನೋವಾ?” ಎಂದಳು ಮಗಳು. ಹುಬ್ಬು ಏಳದಿದ್ದರೆ ನನ್ನ ಕೈಬೆರಳು, ಬೆರಳು ನಿಂತರೆ ಉಸಿರು. ಎಲ್ಲವನ್ನೂ ಅವಳು ಓದುತ್ತಿದ್ದಳು. ಮೇಜು ಬಿಟ್ಟು ಎದ್ದು ಹೋಗಲು ನನಗೆ ಆಗುತ್ತಿರಲಿಲ್ಲ. ನಾನಿಲ್ಲದಾಗ ಅವಳೊಂದು ತಪ್ಪು ಮಾಡಿ, ಅದನ್ನೇ ಸರಿ ಎಂದುಕೊಂಡು ಮಲಗಿಬಿಟ್ಟರೆ ಎಂಬ ಹೆದರಿಕೆ. ತಪ್ಪನ್ನು ರಾತ್ರಿ ಪೂರ್ತಿ ಮನೆಯಲ್ಲಿ ಇಟ್ಟುಕೊಳ್ಳುವುದು ನನಗೆ ಗ್ಯಾಸ್ ಬಂದ್ ಮಾಡದೆ ಮಲಗಿದಂತೆ.

*

ಎರಡು ವಾರ ಕಳೆದು ಮೇಡಂ ನಮ್ಮ ಕೋಣೆಗೆ ಬಂದರು. ಅವರು ಕೂರುವುದಿಲ್ಲ, ಕಪಾಟಿಗೆ ಒರಗಿ ನಿಂತು ಮಾತಾಡುತ್ತಾರೆ.

“ಮೊತ್ತಗಳು ಬಂದಿವೆ. ಎಲ್ಲಕ್ಕಿಂತ ಕಡಿಮೆ ಬಂದ ಹನ್ನೆರಡು ಮಕ್ಕಳಿಗೆ ನಾವೇ ತರಗತಿ ಮಾಡ್ತೀವಿ. ಶನಿವಾರ, ಮೇಲಿನ ಹಾಲಲ್ಲಿ, ಎಂಟು ವಾರ. ಲೆಕ್ಕ ಹೇಳಿಕೊಡೋದಲ್ಲ. ದಾರಿ ಕಾಣದೇ ಇದ್ದಾಗ ಏಳದೆ ಕೂತಿರೋದು ಹೇಗೆ ಅಂತ. ಆಮೇಲೆ ಅಂಕ ಏನಾಗತ್ತೆ ನೋಡೋಣ.”

“ಕಡಿಮೆ ಬಂದೋರಿಗಾ? ನಾನು ಜಾಣರಿಗೆ ಬಹುಮಾನ ಕೊಡ್ತೀರ ಅಂದ್ಕೊಂಡಿದ್ದೆ,” ಎಂದರು ಅಕ್ಕ.

“ಜಾಣರಿಗೆ ನಾವು ಯಾಕೆ ಬೇಕು?” ಎಂದು ಮೇಡಂ ಹನ್ನೆರಡು ನಂಬರಿನ ಚೀಟಿಯನ್ನು ನನ್ನ ಮೇಜಿನ ಮೇಲಿಟ್ಟರು. ಶಾಲೆಗಳಿಗೆ ಪತ್ರ ನಾನೇ ಸಿದ್ಧಮಾಡಬೇಕಿತ್ತು.

ನಾನು ಕಪಾಟಿನಿಂದ ಕಟ್ಟು ತೆಗೆದು, ಅಕ್ಕ ಚಹಾಕ್ಕೆ ಹೋದಾಗ, ಇನ್ನೂರ ಅರವತ್ತೆಂಟರ ನಿಜವಾದ ಮೊತ್ತವನ್ನು ಬೆರಳಲ್ಲಿ ಹಾಕಿದೆ. ಐವತ್ತೊಂದು. ಪಟ್ಟಿಯಲ್ಲಿ ಕೊನೆಯ ಮಗುವಿನದು ಐವತ್ತೆಂಟು. ನನ್ನ ಮಗಳು ಆ ಹನ್ನೆರಡರಲ್ಲಿ ನಾಲ್ಕನೆಯವಳಾಗಿ ಇರಬೇಕಿತ್ತು. ಕಂಪ್ಯೂಟರಿನಲ್ಲಿ ನಾನು ಅವಳಿಗೆ ನೂರ ಹದಿನಾಲ್ಕು ಕೊಟ್ಟಿದ್ದೆ.

ಆ ದಿನವೇ ಹೇಳಬಹುದಿತ್ತು. ಪತ್ರಗಳು ಹೋಗಿರಲಿಲ್ಲ, ಒಂದು ನಂಬರ್ ಬದಲಿಸಿದರೆ ಮುಗಿಯುತ್ತಿತ್ತು. ಆದರೆ ಒಂದು ಫಾರಂ ತಿದ್ದಿದವಳು ಬೇರೆ ಎಷ್ಟು ತಿದ್ದಿದ್ದಾಳೋ ಎಂಬ ಪ್ರಶ್ನೆ ಬರುತ್ತದೆ. ನಾಳೆ ಹೇಳುತ್ತೇನೆ ಎಂದುಕೊಂಡೆ. ಹನ್ನೆರಡು ಪತ್ರಗಳನ್ನು ಮಡಿಸಿ, ಲಕೋಟೆಗೆ ಹಾಕಿ, ಅಂಟಿಸಿದೆ. ಅಂಟು ಚೆನ್ನಾಗಿ ಹಿಡಿಯಲೆಂದು ಮೇಲೆ ನಿಘಂಟು ಹೇರಿದೆ.

ಮೊದಲ ಶನಿವಾರ ನನಗೆ ಅರ್ಧ ದಿನ ಕೆಲಸವಿತ್ತು. ಮೇಲಿನ ಹಾಲಿನ ಬಾಗಿಲಿಗೆ ಗಾಜು ಇದೆ. ಹನ್ನೆರಡು ಮಕ್ಕಳು ದೂರದೂರ ಕೂತಿದ್ದರು. ಮುಂದೆ ಒಬ್ಬ ಮೇಷ್ಟ್ರು ಅವರಿಗೆ ಬೆನ್ನು ಹಾಕಿ, ಕಿಟಕಿಯ ಹೊರಗೆ ನೋಡುತ್ತ ನಿಂತಿದ್ದರು. ಯಾರೂ ಏನೂ ಬರೆಯುತ್ತಿರಲಿಲ್ಲ. ಒಬ್ಬಳು ಪೆನ್ಸಿಲ್ ಕಚ್ಚುತ್ತಿದ್ದಳು. ಕೊನೆಯ ಬೆಂಚಿನವನು ಅಳುವಂತಿದ್ದ. ಮೇಷ್ಟ್ರು ತಿರುಗಲೇ ಇಲ್ಲ. ನಾನು ಗಡಿಯಾರ ನೋಡಿದೆ. ನನಗೆ ಒಳಗೆ ಹೋಗಿ ಆ ಹುಡುಗನ ಹಾಳೆ ನೋಡಬೇಕು ಅನ್ನಿಸಿ ಕೈ ತುರಿಸತೊಡಗಿತು. ಸುಮಾರು ಹೊತ್ತಿನ ಮೇಲೆ ಅವನೇ ಏನೋ ಗೀಚಿದ, ಹೊಡೆದುಹಾಕಿದ, ಇನ್ನೊಂದು ಗೀಚಿದ. ಎಂಟು ಶನಿವಾರದಲ್ಲಿ ಒಂದು ಹೀಗೆ ಹೋಯಿತು. ಇನ್ನೊಂದೂ ಹೋಯಿತು.

*

ಮೂರನೆಯ ವಾರ ಮಗಳ ಶಾಲೆಯಲ್ಲಿ ಕಿರುಪರೀಕ್ಷೆ. ಇಪ್ಪತ್ತಕ್ಕೆ ಆರು. ಅವಳು ಉತ್ತರಪತ್ರಿಕೆಯನ್ನು ನನ್ನ ಮುಂದೆ ಇಟ್ಟು ಚಪ್ಪಲಿ ಬಿಚ್ಚಲು ಹೋದಳು. ನಾನು ತಿರುವಿ ನೋಡಿದೆ. ನಾಲ್ಕನೆಯ ಪ್ರಶ್ನೆ ನಲ್ಲಿಯದು, ತೊಟ್ಟಿಯದು. ಗಂಟೆಗಳು ಮಾತ್ರ ಬೇರೆ. ಅವಳು ಎರಡು ಅಂಕಿಗಳನ್ನು ಬರೆದು, ನಡುವೆ ಏನೂ ಹಾಕದೆ ಬಿಟ್ಟಿದ್ದಳು. ಕೂಡಿಸುವುದೋ ಕಳೆಯುವುದೋ ಎಂದು ಹೇಳುವ ಹುಬ್ಬು ಅಲ್ಲಿ ಇರಲಿಲ್ಲ.

“ಇದು ನಾವು ಮಾಡಿದ್ದಲ್ವೇನೇ?”

“ಮಾಡಿದ್ದು.”

“ಮತ್ತೆ?”

“ಅಲ್ಲಿ ತಲೆ ಎತ್ತಿ ನೋಡಿದೆ. ಸೂಪರ್‌ವೈಸರ್ ಆಕಳಿಸ್ತಿದ್ರು,” ಎಂದಳು. ತಮಾಷೆಗೆ ಎಂಬಂತೆ ಹೇಳಿ, ಒಂದು ಕಿತ್ತಳೆ ಸುಲಿಯತೊಡಗಿದಳು. ಸಿಪ್ಪೆ ಬಿಡಿಸುತ್ತಲೇ ಹೇಳಿದಳು, “ಅಮ್ಮ, ಆ ಡಿಪ್ಲೊಮಾ ಫಾರಂ ತರೋದು ಬೇಡ. ಭೂಮಾಪನ ಅಂದ್ರೆ ಬಿಸಿಲಲ್ಲಿ ಅಲೆಯೋದು. ನಂಗೆ ಅಷ್ಟೇನೂ ಇಷ್ಟ ಇಲ್ಲ.”

ಗೋಡೆಯ ಮೇಲೆ ಅವಳ ನಕ್ಷೆ ಇತ್ತು, ದೀಪದ ಕಂಬಗಳ ಸಮೇತ. ಅವಳು ಅತ್ತ ಬೆನ್ನು ಹಾಕಿ ಕೂತಿದ್ದಳು. ಇಷ್ಟವಿಲ್ಲ ಎಂಬ ಮಾತನ್ನು ಅವಳು ಎಷ್ಟು ದಿನದಿಂದ ಕಟ್ಟಿಕೊಂಡಿದ್ದಳೋ. ಅದನ್ನು ಹೇಳಿ ಮುಗಿಸಿ, ಅಭ್ಯಾಸದಂತೆ ನನ್ನ ಮುಖ ನೋಡಿದಳು, ಉತ್ತರ ಸರಿ ಬಂತೇ ಎಂದು.

ಮರುದಿನ ಬೆಳಿಗ್ಗೆ ಮೇಡಂ ಕೋಣೆಗೆ ಹೋದೆ. ಕೈಯಲ್ಲಿ ಇನ್ನೂರ ಅರವತ್ತೆಂಟರ ಫಾರಂ. ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ವಾಕ್ಯ ಜೋಡಿಸಿಕೊಂಡಿದ್ದೆ. ಅಲ್ಲಿ ಒಂದೂ ಬರಲಿಲ್ಲ. “ಮೇಡಂ, ಇದು ನನ್ನ ಮಗಳದ್ದು. ನಾನು ಬೇರೆ ಅಂಕಿ ಹಾಕಿದೀನಿ,” ಎಂದೆ.

ಅವರು ಫಾರಂ ತಿರುಗಿಸಿ ಕೊನೆಯ ಗೆರೆ ಓದಿದರು. ಕಂಪ್ಯೂಟರಿನಲ್ಲಿ ನಂಬರ್ ಹುಡುಕಿ ನಾನು ಟೈಪ್ ಮಾಡಿದ್ದನ್ನು ಓದಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ, ಏನಾದರೂ ಗೊತ್ತಾಗುತ್ತದೆಯೇ ಎಂದು. ಏನೂ ಗೊತ್ತಾಗಲಿಲ್ಲ.

“ಬೇರೆ ಯಾವುದಾದ್ರೂ?”

“ಇಲ್ಲ ಮೇಡಂ. ಇದೊಂದೇ.”

“ನಾನು ನಂಬ್ತೀನಿ. ಆದ್ರೆ ಅಧ್ಯಯನ ನಂಬೋ ಹಾಗಿಲ್ಲ. ನೀವು ಎಷ್ಟು ಫಾರಂ ಹಾಕಿದೀರ?”

“ನಾನೂರ ಹನ್ನೆರಡು.”

“ಅಷ್ಟನ್ನೂ ಇನ್ನೊಬ್ಬರು ಮೊದಲಿಂದ ಹಾಕಬೇಕು. ಇನ್ನು ಮುಂದೆ ನೀವು ಅಂಕಿ ಮುಟ್ಟಬೇಡಿ. ಪತ್ರವ್ಯವಹಾರ ನೋಡ್ಕೊಳ್ಳಿ.”

“ಮೇಡಂ, ಶನಿವಾರದ ತರಗತಿಗೆ ಅವಳನ್ನ...”

“ಅಲ್ಲಿ ಹನ್ನೆರಡನೇ ಕುರ್ಚಿಯಲ್ಲಿ ಕೂತಿರೋನು ನಿಮ್ಮ ಮಗಳ ಜಾಗಕ್ಕೆ ಬಂದೋನು. ಅವನನ್ನ ಏಳಿಸ್ಲಾ?”

ಬೇಡ ಎಂದು ತಲೆಯಾಡಿಸಿದೆ. ಕೊನೆಯ ಬೆಂಚಿನ ಹುಡುಗನ ನೆನಪಾಯಿತು. ಅವನೇ ಇರಬೇಕೆಂದು ನನಗೆ ಯಾಕೆ ಅನ್ನಿಸಿತೋ ಗೊತ್ತಿಲ್ಲ.

ಮೇಡಂ ಪೆನ್ನಿನ ಕ್ಯಾಪನ್ನು ತೆಗೆದು ಹಾಕಿ ಮಾಡಿದರು. “ಎರಡನೇ ತಂಡ ಇನ್ನು ಆರು ವಾರಕ್ಕೆ ಶುರು. ಅವರಿಗೆ ಪರೀಕ್ಷೆಗೆ ಮೊದಲು ಐದೇ ತರಗತಿ ಸಿಗತ್ತೆ. ಈ ಫಾರಂ ಇನ್ನು ನಡೆಯಲ್ಲ, ಹೊಸದು ತುಂಬಲಿ. ಲಕೋಟೆ ಅವಳೇ ಅಂಟಿಸಲಿ. ಮೊತ್ತ ಕಡಿಮೆ ಬಂದ್ರೆ ಕರೀತೀವಿ, ಇಲ್ಲದಿದ್ರೆ ಇಲ್ಲ.” ಖಾಲಿ ಫಾರಂ ಕೊಡುತ್ತ ಹೇಳಿದರು, “ಯಾಕೆ ಹೊಸದು ಅಂತ ಅವಳಿಗೆ ಹೇಳಬೇಕಾಗತ್ತೆ. ಅದು ನನ್ನ ಕೆಲಸ ಅಲ್ಲ.”

ಅಕ್ಕನಿಗೆ ನಾನೇ ಹೇಳಿದೆ. ಅವರು ನಾನೂರ ಹನ್ನೆರಡು ಫಾರಂಗಳ ಕಟ್ಟುಗಳನ್ನು ಒಂದೊಂದಾಗಿ ತಮ್ಮ ಮೇಜಿಗೆ ಸಾಗಿಸಿಕೊಂಡರು, ನಾನು ಎತ್ತಲು ಹೋದರೆ ಬೇಡ ಎಂದರು. ಮಧ್ಯಾಹ್ನದವರೆಗೆ ಅಂಕಿ ಒತ್ತಿದರು. ಆಮೇಲೆ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಕೇಳಿದರು, “ನಂಗೆ ಕೊಡಬಹುದಿತ್ತಲ್ಲೇ. ನಾನು ನಗ್ತೀನಿ ಅಂತಾನಾ?”

“ಹೂಂ ಅಕ್ಕ.”

“ನಗ್ತಿದ್ದೆ,” ಎಂದರು. “ನಕ್ಕು ಮರೀತಿದ್ದೆ. ಈಗ ನೋಡು, ಮರೆಯೋಕಾಗಲ್ಲ.”

ಆ ದಿನದಿಂದ ಅವರು ಮೂವತ್ತೊಂದನೆಯ ಉತ್ತರಗಳನ್ನು ಗಟ್ಟಿಯಾಗಿ ಓದಲಿಲ್ಲ. ಕೋಣೆಯಲ್ಲಿ ಕೀಲಿಗಳ ಸದ್ದು ಮಾತ್ರ ಕೇಳುತ್ತಿತ್ತು.

*

ಮಗಳಿಗೆ ಶನಿವಾರ ಸಂಜೆ ಹೇಳಿದೆ. ಅವಳಪ್ಪನೂ ಇದ್ದರು. ಫಾರಂ ಕಂಡದ್ದು, ಅಂಕಿ ಬದಲಿಸಿದ್ದು, ಅವಳ ತರಗತಿ ತಪ್ಪಿದ್ದು, ಎಲ್ಲವನ್ನೂ ಅನುಕ್ರಮವಾಗಿ ಹೇಳಿದೆ. ಅವಳು ಕೋಪಿಸಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅವಳ ಮುಖದಲ್ಲಿದ್ದದ್ದು ಆಶ್ಚರ್ಯ.

“ಅದರಲ್ಲಿ ಸರಿ ತಪ್ಪು ಇಲ್ಲ ಅಂದಿದ್ರು ಟೀಚರ್. ಏನು ಬರೆದ್ರೂ ಸರಿ ಅಂತ.”

“ಹೌದು.”

“ಅದನ್ನೂ ತಿದ್ದಿದ್ಯಾ?”

ಅವಳು ಲೆಕ್ಕ ಮಾಡುವಾಗ ಒಂದು ಕಾಲನ್ನು ಕುರ್ಚಿಯ ಮೇಲೆ ಮಡಿಸಿಕೊಳ್ಳುತ್ತಾಳೆ, ಈಗ ಹಾಗೆ ಕೂತಿದ್ದಳು.

“ಅಷ್ಟು ಕೆಟ್ಟದಾಗಿತ್ತಾ ನಾನು ಬರೆದದ್ದು?”

“ಇಲ್ಲ ಮರಿ. ನೀನು ನಿಜ ಬರೆದಿದ್ದೆ. ಕೆಟ್ಟದು ನನ್ನ ಬಗ್ಗೆ ಇತ್ತು. ನಿಂಗೆ ಸಹಾಯ ಆಗೋದನ್ನ ನಾನೇ ತಪ್ಪಿಸಿದೆ.”

“ನಿನ್ನ ಬಗ್ಗೆ ಕೆಟ್ಟದಾಗಿ ಬರೆದಿರ್ಲಿಲ್ಲ,” ಎಂದಳು ಅವಳು ಗಟ್ಟಿಯಾಗಿ. ಅವಳ ದನಿ ಒಡೆಯಿತು. “ಎಲ್ಲರೂ ನೀರು ಕುಡೀತೀನಿ, ದೇವರನ್ನ ನೆನೀತೀನಿ ಅಂತ ಬರೀತಿದ್ರು. ನಾನು ಒಳ್ಳೇದು ಅಂತ ಬರೆದೆ. ನಂಗೆ ಅಮ್ಮ ಇದಾಳೆ ಅಂತ.”

ಅವಳಪ್ಪ ಎದ್ದು ಹೋಗಿ ಅವಳಿಗೆ ನೀರು ತಂದರು. ನನಗೂ ಒಂದು ಲೋಟ ತಂದರು. ಆ ನೀರನ್ನು ನಾನು ಬಹಳ ಹೊತ್ತು ಕುಡಿಯಲಿಲ್ಲ. ಇಷ್ಟು ದಿನ ಆ ಗೆರೆಯನ್ನು ನಾನು ಒಂದು ದೂರು ಎಂದು ಓದಿದ್ದೆ. ದೂರಾಗಿದ್ದರೆ ಹೊರುವುದು ಸುಲಭವಿತ್ತು.

“ಆರು ವಾರ ಹೋದ್ರೆ ಐದೇ ಕ್ಲಾಸಾ?” ಎಂದಳು ಅವಳು ಕೊನೆಗೆ.

“ಐದೇ.”

“ಸಾಕಾಗತ್ತಾ?”

“ನಂಗೆ ಗೊತ್ತಿಲ್ಲ,” ಎಂದೆ. ಅವಳು ನನ್ನ ಹುಬ್ಬು ನೋಡಿದಳು. ನಿಜವಾಗಿಯೂ ಗೊತ್ತಿರಲಿಲ್ಲ, ಅಲ್ಲಿ ಅವಳಿಗೆ ಏನೂ ಸಿಕ್ಕಿರಲಾರದು.

ಭಾನುವಾರ ಬೆಳಿಗ್ಗೆ ಅವಳು ಫಾರಂ ತುಂಬಲು ಕೂತಳು. ನಾನು ಒಗೆದ ಬಟ್ಟೆಯ ಬಕೆಟ್ ಎತ್ತಿಕೊಂಡು ಬಾಲ್ಕನಿಗೆ ಹೋದೆ. ಬಾಲ್ಕನಿಯ ಬಾಗಿಲು ಮೇಜಿಗೆ ಎದುರಾಗಿದೆ. ಅಲ್ಲಿಂದ ಅವಳಿಗೆ ನಾನು ಕಾಣುತ್ತೇನೆ, ಹಾಗಾಗಿ ಮೊದಲು ದೊಡ್ಡ ಹೊದಿಕೆಯನ್ನೇ ತಂತಿಗೆ ಹಾಕಿ ಅಂಚಿನಿಂದ ಅಂಚಿಗೆ ಎಳೆದೆ. ಅದರ ಈಚೆ ನಾನು, ಆಚೆ ಅವಳು. ಕ್ಲಿಪ್ಪುಗಳನ್ನು ಹಲ್ಲಿನ ನಡುವೆ ಹಿಡಿದುಕೊಂಡೆ. ಎರಡು ಸಾಕಿತ್ತು, ನಾಲ್ಕು ಹಿಡಿದುಕೊಂಡೆ.

ಒಳಗೆ ಪೆನ್ನು ಓಡುತ್ತಿತ್ತು, ನಿಲ್ಲುತ್ತಿತ್ತು. ಕೆಳಗೆ ಬೀದಿಯಲ್ಲಿ ಯಾರೋ ಸ್ಕೂಟರಿಗೆ ಕಿಕ್ ಹೊಡೆಯುತ್ತಿದ್ದರು, ಅದು ಹತ್ತುತ್ತಿರಲಿಲ್ಲ.

“ಅಮ್ಮಾ,” ಎಂದಳು. “ಹನ್ನೆರಡನೇದು. ‘ನನ್ನ ಉತ್ತರ ಸರಿಯೇ ಎಂದು ನಾನೇ ಪರೀಕ್ಷಿಸಬಲ್ಲೆ.’ ಇದಕ್ಕೆ ‘ಇಲ್ಲ’ ಹಾಕ್ಲಾ, ‘ಖಂಡಿತ ಇಲ್ಲ’ ಹಾಕ್ಲಾ?”

ನನಗೆ ಉತ್ತರ ಗೊತ್ತಿತ್ತು. ಕಳೆದ ಸಲ ಅವಳು ಏನು ಹಾಕಿದ್ದಳೆಂದು ಗೊತ್ತಿತ್ತು. ಮೊತ್ತ ಎಷ್ಟಕ್ಕಿಂತ ಕಡಿಮೆ ಬಂದರೆ ಕರೆಯುತ್ತಾರೆಂದು ನನಗಲ್ಲದೆ ಇನ್ಯಾರಿಗೆ ಗೊತ್ತು? ‘ಖಂಡಿತ’ ಎಂಬ ಒಂದು ಪದ ಹೇಳಿದರೆ ಅವಳ ತರಗತಿ ಇನ್ನೊಂದಿಷ್ಟು ಗಟ್ಟಿಯಾಗುತ್ತಿತ್ತು. ನಾನು ಕ್ಲಿಪ್ಪುಗಳನ್ನು ಕಚ್ಚಿದೆ. ಮರದ ರುಚಿ, ಸೋಪಿನ ರುಚಿ.

“ಅಮ್ಮಾ? ಕೇಳಿಸ್ತಾ?”

ಹೊದಿಕೆ ಗಾಳಿಗೆ ಉಬ್ಬಿತು. ಕೆಳಗಿನ ಅಂಚು ಹಾರದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡೆ. ತೋಳಿನುದ್ದಕ್ಕೂ ತಣ್ಣನೆ ನೀರು ಇಳಿಯಿತು.

“ಅಪ್ಪಾ, ಅಮ್ಮ ಮಾತಾಡ್ತಾ ಇಲ್ಲ!”

“ಲಿಫ್ಟ್ ಕೆಟ್ಟಿದೆ,” ಎಂದರು ಅವರು ಅಡುಗೆಮನೆಯಿಂದ. “ಮೆಟ್ಟಿಲು ಹತ್ತು.”

ಅವಳು ನಗಲಿಲ್ಲ. ಕುರ್ಚಿ ಕಿರುಗುಟ್ಟಿತು. ಅವಳು ಎದ್ದು ಬರುತ್ತಾಳೆ, ಹೊದಿಕೆ ಸರಿಸಿ ನನ್ನ ಮುಖ ನೋಡುತ್ತಾಳೆ, ನೋಡಿದರೆ ನನ್ನ ಕೈಲಿ ಆಗುವುದಿಲ್ಲ ಎಂದು ಕಣ್ಣು ಮುಚ್ಚಿಕೊಂಡೆ. ಹೆಜ್ಜೆಯ ಸದ್ದು ಬರಲಿಲ್ಲ. ಬಹಳ ಹೊತ್ತು ಏನೂ ಬರಲಿಲ್ಲ. ಕೆಳಗೆ ಸ್ಕೂಟರ್ ಹತ್ತಿತು, ಹೊರಟುಹೋಯಿತು.

ಆಮೇಲೆ ಪೆನ್ನಿನ ಒಂದು ಗೀರು ಕೇಳಿಸಿತು. ಒಂದು ಚಿಕ್ಕದು, ಅದಕ್ಕೆ ಅಂಟಿಕೊಂಡು ಒಂದು ಉದ್ದದ್ದು.

ಅವಳು ಯಾವ ಚೌಕಕ್ಕೆ ಹಾಕಿದಳೋ ನನಗೆ ಗೊತ್ತಾಗಲಿಲ್ಲ. ಸೋಮವಾರ ಅವಳು ಅಂಟಿಸಿಕೊಟ್ಟ ಲಕೋಟೆಯನ್ನು ಚೀಲದಲ್ಲಿಟ್ಟುಕೊಂಡು ಹೋಗಿ, ಅಕ್ಕನ ಮೇಜಿನ ಮೇಲಿಟ್ಟು, ನನ್ನ ಮೇಜಿಗೆ ಬಂದು ಕೂತೆ.